ನಿಂತಲ್ಲೇ ಬಿಸಿಯಾಗುವ ಕಾರು: ಕೂಲಿಂಗ್ ಫ್ಯಾನ್ ರಿಪೇರಿಯ ಲಾಗ್

ಮಾರ್ಚ್ ಕೊನೆಯ ವಾರ

ಕಾರು ಕಾಕಾನದು. 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಗದ್ದಲದಲ್ಲಿ ಸಿಕ್ಕಿಕೊಂಡರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಜೇವರ್ಗಿ ರಸ್ತೆ ಹಿಡಿದು ಸ್ವಲ್ಪ ಓಡಿಸಿದರೆ ತಾನೇ ಇಳಿಯುತ್ತದೆ. ಎಸಿಯದೂ ಅದೇ ಕಥೆ. ಓಡುವಾಗ ತಂಪು, ನಿಂತರೆ ಬೆಚ್ಚಗಿನ ಗಾಳಿ.

ಈ ಎರಡೂ ಒಟ್ಟಿಗೆ ಇದ್ದರೆ ಮೊದಲು ಫ್ಯಾನ್ ನೋಡಬೇಕು. ಕಾರು ಓಡುವಾಗ ಮುಂದಿನಿಂದ ಗಾಳಿ ತಾನಾಗಿ ನುಗ್ಗುತ್ತದೆ, ಫ್ಯಾನ್‌ನ ಹಂಗಿಲ್ಲ. ನಿಂತಾಗ ಇಂಜಿನ್ ನೀರನ್ನು ತಣಿಸುವ ರೇಡಿಯೇಟರ್‌ಗೂ ಅದರ ಮುಂದಿರುವ, ಎಸಿಯ ಬಿಸಿ ಹೊರಗೆ ಬಿಡುವ ಕಂಡೆನ್ಸರ್‌ಗೂ ಫ್ಯಾನ್ ಎಳೆದ ಗಾಳಿಯೇ ಗತಿ. ಈ ಕಾರಿನಲ್ಲಿ ಎರಡಕ್ಕೂ ಸೇರಿ ಇರುವುದು ಒಂದೇ ಫ್ಯಾನ್. ಇದಕ್ಕೆ ಉಲ್ಟಾ, ಅಂದರೆ ಹೈವೇಯಲ್ಲಿ ಬಿಸಿಯಾಗಿ ಊರೊಳಗೆ ಸರಿ ಇದ್ದರೆ, ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ (ಬಿಸಿಯಾದಾಗ ನೀರಿಗೆ ದಾರಿ ಬಿಡುವ ಕವಾಟ) ಪೂರ್ತಿ ತೆರೆಯದೇ ಇರಬಹುದು, ವಾಟರ್ ಪಂಪ್ ಸೋತಿರಬಹುದು. ಆ ದಾರಿಯೇ ಬೇರೆ.

ಕಾಕಾ ಮೊದಲೇ ಒಂದು ಗ್ಯಾರೇಜಿಗೆ ಹೋಗಿ ಬಂದಿದ್ದರು. ಅಲ್ಲಿ ಸಿಕ್ಕ ಸಲಹೆ ಇದು: "ಸುಮ್ನ ಯಾಕ ತಲಿ ಕೆಡಿಸ್ಕೋತೀರಿ ಕಾಕಾ, ಡೈರೆಕ್ಟ್ ಮಾಡಿಬಿಡೋಣ್ರಿ. ಒಂದು ಸ್ವಿಚ್ ಹಾಕಿದ್ರ ಮುಗೀತು. ಥರ್ಮೋಸ್ಟಾಟೂ ತೆಗೀರಿ, ನಮ್ಮ ಕಡಿ ಬಿಸಿಲಿಗಿ ಅದು ಬ್ಯಾಡ."

ಈ ಎರಡು ಮಾತೂ ನನಗೆ ಒಪ್ಪಿಗೆಯಿಲ್ಲ, ಅದಕ್ಕೇ ಈ ಕೆಲಸ ಕೈಗೆತ್ತಿಕೊಂಡೆ. ಬ್ಯಾಟರಿಯಿಂದ ಫ್ಯೂಸ್ ಇಲ್ಲದೆ ವೈರ್ ಎಳೆದು ಸ್ವಿಚ್ ಹಾಕಿದರೆ, ಎಲ್ಲಾದರೂ ಉಜ್ಜಿ ಶಾರ್ಟ್ ಆದ ದಿನ ಬೆಂಕಿ ಹತ್ತುತ್ತದೆ. ಸ್ವಿಚ್ ಹಾಕಲು ಮರೆತ ದಿನ ಇಂಜಿನ್ ಬಿಸಿಯೇರಿ ಅದರ ಒಳಗಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಮೂಲ ದೋಷ ಇದ್ದಲ್ಲೇ ಇರುತ್ತದೆ. ಥರ್ಮೋಸ್ಟಾಟ್ ತೆಗೆದರೆ ಇಂಜಿನ್ ಸರಿಯಾದ ಬಿಸಿಗೆ ಬರಲು ತುಂಬಾ ಹೊತ್ತು ಬೇಕು. ಅಲ್ಲಿಯವರೆಗೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಬಿಸಿಲೂರಿನಲ್ಲೂ ಇಂಜಿನ್‌ಗೆ ಅದರದೇ ಬಿಸಿ ಬೇಕು.

ಬಿಸಿಲಿನ ಲೆಕ್ಕ

"ಚಳಿಗಾಲದಾಗ ಚಲೋ ಇತ್ತಲ್ಲೋ?" ಅಂತ ಕಾಕಾ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ರೇಡಿಯೇಟರ್ ಎಷ್ಟು ಶಾಖ ಬಿಡುತ್ತದೆ ಅನ್ನುವುದು ಒಳಗಿನ ನೀರು ಮತ್ತು ಹೊರಗಿನ ಗಾಳಿಯ ಬಿಸಿಯ ಅಂತರದ ಮೇಲಿದೆ. ನೀರು 95 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ಅಂತರ 70. ನಮ್ಮ ಬೇಸಿಗೆಯ 43 ಡಿಗ್ರಿಯಲ್ಲಿ ಅದು 52. ಅಂದರೆ ಅದೇ ರೇಡಿಯೇಟರ್, ಅದೇ ಗಾಳಿ, ಆದರೆ ಕಾಲು ಭಾಗದಷ್ಟು ಶಕ್ತಿ ಹೋಯಿತು. ಅದರ ಮೇಲೆ ಎಸಿ ಕಂಡೆನ್ಸರ್ ತನ್ನ ಬಿಸಿಯನ್ನು ರೇಡಿಯೇಟರ್ ಕಡೆಗೇ ತಳ್ಳುತ್ತದೆ. ಡಿಸೆಂಬರ್‌ನಲ್ಲಿ ಸೋಮಾರಿ ಫ್ಯಾನ್ ಹೇಗೋ ಸಂಭಾಳಿಸಿಕೊಂಡು ಹೋಗುತ್ತದೆ. ಏಪ್ರಿಲ್‌ನಲ್ಲಿ ಆಗುವುದಿಲ್ಲ. ದೋಷ ಮೊದಲಿನಿಂದಲೂ ಇದ್ದಿರಬಹುದು, ಬಿಸಿಲು ಅದನ್ನು ಹೊರಗೆ ತಂದಿತು ಅಷ್ಟೇ.

ಏಪ್ರಿಲ್ ಆರಂಭ: ಮೀಟರ್ ಹಿಡಿಯುವ ಮುಂಚೆ

ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ಶುರು ಮಾಡಿದೆ. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬಾರದು. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾಯುತ್ತಿರುತ್ತದೆ. ಕ್ಯಾಪ್ ಬಿಚ್ಚಿದ ತಕ್ಷಣ ಒಮ್ಮೆಲೇ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಇನ್ನೊಂದು ಎಚ್ಚರ: ಕೆಲವು ಕಾರುಗಳಲ್ಲಿ ಇಂಜಿನ್ ಆಫ್ ಆದ ಮೇಲೂ ಫ್ಯಾನ್ ತಟ್ಟನೆ ಶುರುವಾಗುತ್ತದೆ. ರೆಕ್ಕೆಗಳ ಹತ್ತಿರ ಕೈ ಹಾಕುವ ಮುಂಚೆ ಬ್ಯಾಟರಿಯ ಮೈನಸ್ ತೆಗೆದಿಡಬೇಕು.

ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಮಟ್ಟ ಸರಿ ಇತ್ತು. ಬಣ್ಣ ಮಾತ್ರ ಮಾಸಿ ಕಂದಾಗಿತ್ತು. ಯಾರೋ ಬೋರ್ ನೀರು ಬೆರೆಸುತ್ತಾ ಬಂದಿದ್ದಾರೆ, ಕ್ಯಾಪ್ ಒಳಗೆ ಬಿಳಿ ಸುಣ್ಣದ ಪದರ ಕಟ್ಟಿತ್ತು. ಕ್ಯಾಪ್‌ನ ರಬ್ಬರ್ ಬಿರುಕು ಬಿಟ್ಟಿತ್ತು, ಹೊಸದು ಹಾಕಿದೆ. ಮೇಲಿನ ಹೋಸ್ ಸ್ವಲ್ಪ ಹೊತ್ತು ತಣ್ಣಗೇ ಇದ್ದು ಆಮೇಲೆ ಸರ್ರನೆ ಬಿಸಿಯಾಯಿತು. ಥರ್ಮೋಸ್ಟಾಟ್ ಜೀವಂತ ಇದೆ ಅಂತ ಅದರಿಂದ ಗೊತ್ತಾಗುತ್ತದೆ.

ಡ್ಯಾಶ್‌ಬೋರ್ಡಿನ ಮುಳ್ಳನ್ನು ನಾನು ಪೂರ್ತಿ ನಂಬುವುದಿಲ್ಲ. ತುಂಬಾ ಕಾರುಗಳಲ್ಲಿ ಅದು ದೊಡ್ಡ ಅಂತರದವರೆಗೂ ನಡುವಿನಲ್ಲೇ ಕೂತಿರುತ್ತದೆ, ಏಳುವ ಹೊತ್ತಿಗೆ ತಡವಾಗಿರುತ್ತದೆ. ಸ್ಟೀರಿಂಗ್ ಕೆಳಗಿನ ಒಬಿಡಿ (ಕಾರಿನ ಕಂಪ್ಯೂಟರ್ ಮಾಹಿತಿ ಓದುವ) ಪೋರ್ಟ್‌ಗೆ ಬ್ಲೂಟೂತ್ ಅಡಾಪ್ಟರ್ ಹಾಕಿ ಮೊಬೈಲ್‌ನಲ್ಲಿ ಕೂಲೆಂಟ್ ಬಿಸಿ ನೋಡಿದೆ. ರಾತ್ರಿಯೆಲ್ಲ ನಿಂತ ಕಾರು, ಸ್ಟಾರ್ಟ್ ಮಾಡುವ ಮುಂಚೆ 29 ಡಿಗ್ರಿ ತೋರಿಸಿತು. ಹೊರಗಿನ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ. ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಸೆನ್ಸರ್ ಪರೀಕ್ಷೆಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಸ್ಟಾರ್ಟ್ ಮಾಡಿ ಬಿಟ್ಟೆ. 97ಕ್ಕೆ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್, 'ಟಕ್' ಅಂದಿತು, ಫ್ಯಾನ್ ತಿರುಗಿತು. ಆದರೆ ಬಿಸಿ ಇಳಿಯಲಿಲ್ಲ. ಎಸಿ ಹಾಕಿದ ಮೇಲೆ 100 ದಾಟಿ 104ಕ್ಕೆ ಹೋಯಿತು. ಅಲ್ಲಿಗೆ ಇಂಜಿನ್ ಆಫ್ ಮಾಡಿದೆ.

ಫ್ಯಾನ್ ತಿರುಗುತ್ತಿದೆ, ಹಾಗಾದರೆ ಫ್ಯಾನ್ ಸರಿ ಇದೆ ಅಂತ ತುಂಬಾ ಜನ ಇಲ್ಲಿಗೇ ಬಿಟ್ಟುಬಿಡುತ್ತಾರೆ. ನನಗೆ ಅನುಮಾನ ಬಂದದ್ದು ಅದರ ಸದ್ದಿನ ಮೇಲೆ. ಗಾಳಿ ಸೀಳುವ ಆ ಜೋರಿನ ಸದ್ದು ಇರಲಿಲ್ಲ.

ಕರೆಂಟ್ ಎಲ್ಲಿ ಸೋರುತ್ತಿದೆ

ಸರ್ಕ್ಯೂಟ್ ದೊಡ್ಡದೇನಲ್ಲ. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್. ರಿಲೇ ಎಳೆದಾಗ 30 ಮತ್ತು 87 ಕೂಡುತ್ತವೆ. 87ರಿಂದ ಫ್ಯಾನ್ ಮೋಟಾರ್, ಮೋಟಾರಿನಿಂದ ಬಾಡಿ ಅರ್ತ್ (ಕಾರಿನ ಲೋಹದ ಮೈ ಮೂಲಕ ಬ್ಯಾಟರಿ ಮೈನಸ್ ಕಡೆಗೆ). ರಿಲೇಯ 85, 86 ಪಿನ್‌ಗಳು ಕಾಯಿಲ್‌ನವು. ಅದಕ್ಕೆ ಅಪ್ಪಣೆ ಕೊಡುವುದು ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್. ರಿಲೇ ಟಕ್ ಅಂದಿದೆ ಎಂದರೆ ಸೆನ್ಸರ್, ಇಸಿಎಂ, ಕಾಯಿಲ್ ಮೂರೂ ತಮ್ಮ ಕೆಲಸ ಮಾಡಿವೆ. ಉಳಿದದ್ದು ದಪ್ಪ ವೈರಿನ ದಾರಿ ಮಾತ್ರ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಫ್ಯಾನ್ ಕಪ್ಲರ್ (ವೈರ್ ಕೂಡಿಸುವ ಪ್ಲಗ್) ಕಳಚಿ ಮೀಟರ್ ಇಟ್ಟರೆ 12 ವೋಲ್ಟ್ ಬರುತ್ತದೆ. ಅದನ್ನು ನಂಬಿ "ಕರೆಂಟ್ ಬರ್ತಾ ಇದೆ, ಮೋಟಾರ್ ಹೋಗಿದೆ" ಅಂತ ಹೊಸ ಮೋಟಾರ್ ತರಿಸಬಾರದು. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ತುಕ್ಕು ಹಿಡಿದ ಬೋಲ್ಟ್ ಆದರೂ, ಹರಿದು ಒಂದೇ ಎಳೆ ಉಳಿದ ವೈರ್ ಆದರೂ, ಅಷ್ಟನ್ನು ದಾಟಿಸುತ್ತದೆ. ಮೋಟಾರಿಗೆ ಬೇಕಾದ ಆಂಪಿಯರ್‌ಗಳು ಹರಿಯುವಾಗ ಮಾತ್ರ ಬಣ್ಣ ಬಯಲಾಗುತ್ತದೆ. ಹಾಗಾಗಿ ಕಪ್ಲರ್ ಕಳಚದೆ, ಫ್ಯಾನ್ ತಿರುಗುತ್ತಿರುವಾಗಲೇ, ಹಿಂದಿನಿಂದ ಸಣ್ಣ ಪಿನ್ ತೂರಿಸಿ ಅಳೆಯಬೇಕು.

ಅಳೆದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ 13.8 ವೋಲ್ಟ್. ಫ್ಯಾನ್ ಕಪ್ಲರ್‌ನಲ್ಲಿ 9.6. ನಾಲ್ಕು ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಮಾಯ!

ಆಮೇಲೆ ಎರಡು ಕಡೆಯನ್ನೂ ಬೇರೆ ಬೇರೆ ನೋಡಿದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ ಮೇಲೆ, ಇನ್ನೊಂದು ಕಪ್ಲರ್‌ನ ಪ್ಲಸ್ ಮೇಲೆ: 0.4. ಫ್ಯೂಸ್, ರಿಲೇ, ಉದ್ದದ ವೈರ್ ಎಲ್ಲ ಸೇರಿ ಅಷ್ಟು ಇದ್ದರೆ ತಕರಾರಿಲ್ಲ. ಮೈನಸ್ ಕಡೆ, ಕಪ್ಲರ್‌ನಿಂದ ಬ್ಯಾಟರಿ ಮೈನಸ್‌ಗೆ: 3.8.

ಅರ್ತ್ ವೈರ್ ಹಿಡಿದುಕೊಂಡು ಹೋದರೆ ಅದು ಬ್ಯಾಟರಿ ಟ್ರೇ ಕೆಳಗೆ ಬಾಡಿಗೆ ಬೋಲ್ಟ್ ಆಗಿತ್ತು. ಬ್ಯಾಟರಿಯ ಆಸಿಡ್ ಹಬೆಗೆ ಬೋಲ್ಟ್ ಸುತ್ತ ಬಿಳಿ ಹಸಿರು ಪುಡಿ ಕಟ್ಟಿತ್ತು. ಮುಟ್ಟಿದರೆ ಬಿಸಿ. ಕಳೆದುಹೋದ ವೋಲ್ಟೇಜ್ ಅಲ್ಲಿ ಶಾಖವಾಗುತ್ತಿತ್ತು.

ಬ್ಯಾಟರಿ ಇಳಿಸಿ, ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಬಾಡಿಯ ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ, ವೈರಿನ ತುದಿಗೆ ಹೊಸ ಲಗ್ (ಬೋಲ್ಟ್ ಕೂರುವ ಲೋಹದ ಬಳೆ) ಹೊಡೆದು ಬಿಗಿ ಮಾಡಿದೆ. ಮೇಲೆ ತೆಳುವಾಗಿ ವ್ಯಾಸಲೀನ್ ಬಳಿದೆ. ಮತ್ತೆ ಅಳೆದಾಗ ಮೈನಸ್ ಕಡೆ 0.1. ಮೋಟಾರಿಗೆ 13.2 ಸಿಗುತ್ತಿದೆ. ಸದ್ದೇ ಬದಲಾಯಿತು. ಕಾಕಾ ಒಳಗಿನಿಂದಲೇ "ಈಗ ಬಂತು ನೋಡ ಗಾಳಿ" ಅಂದರು. ಖರ್ಚು ಒಂದು ಲಗ್, ಒಂದು ಚೂರು ವೈರ್.

9.6 ಎಲ್ಲಿ, 13.2 ಎಲ್ಲಿ? ಫ್ಯಾನ್ ತನ್ನ ವೇಗದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿಯನ್ನೇ ಕಳೆದುಕೊಂಡಿತ್ತು. ಬಿಸಿಲು ಕಿತ್ತುಕೊಂಡ ಕಾಲು ಭಾಗ ಬೇರೆ.

ಏಪ್ರಿಲ್ ನಡುವೆ: ಎರಡನೇ ದೋಷ

ಕೆಲವು ದಿನ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಸೇಡಂ ರಸ್ತೆಯಲ್ಲಿ ಮೊಬೈಲ್ 101 ತೋರಿಸಿತು. ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗಿಟ್ಟು ಬ್ಲೋಯರ್ ಜೋರು ಮಾಡಿ ಕಿಟಕಿ ಇಳಿಸಿದೆ. ಹೀಟರ್ ಕೋರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್. ಆ ಬಿಸಿಲಿನಲ್ಲಿ ಹೀಟರ್ ಹಾಕುವುದು ಯಮಯಾತನೆ, ಆದರೆ ನೆರಳು ಹುಡುಕಿ ನಿಲ್ಲಿಸುವವರೆಗೆ ಇಂಜಿನ್ ಉಳಿಯುತ್ತದೆ.

ಬಾನೆಟ್ ಎತ್ತಿದರೆ ರಿಲೇ ಎಳೆದಿದೆ, ಫ್ಯಾನ್ ನಿಂತಿದೆ. ಕಪ್ಲರ್ ಹಿಂದೆ ಮೀಟರ್ ಇಟ್ಟೆ, ಪೂರ್ತಿ 13 ಚಿಲ್ಲರೆ ವೋಲ್ಟ್. ಎರಡೂ ಬದಿಯ ಕರೆಂಟ್ ದಾರಿ ಈಗ ಸ್ವಚ್ಛ ಇದೆ ಅಂತ ಗೊತ್ತಿದ್ದರಿಂದ ಈ ಸಲ ಅರ್ಥ ಸ್ಪಷ್ಟ. ವೋಲ್ಟ್ ಕಡಿಮೆ ಇದ್ದು ನಿಧಾನ ತಿರುಗಿದರೆ ವೈರಿನ ದೋಷ. ಪೂರ್ತಿ ವೋಲ್ಟ್ ಇದ್ದೂ ತಿರುಗದಿದ್ದರೆ ಮೋಟಾರಿನ ದೋಷ. ಪಾನಾದ ಹಿಡಿಯಿಂದ ಮೋಟಾರಿನ ಬೆನ್ನಿಗೆ ಮೆಲ್ಲಗೆ ತಟ್ಟಿದೆ. ತಿರುಗಲು ಶುರುವಾಯಿತು. ತಟ್ಟಿದರೆ ಏಳುವ ಮೋಟಾರ್ ಅಂದರೆ, ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಸವೆದಿದೆ ಅಂತಲೇ ಲೆಕ್ಕ.

ಫ್ಯಾನ್ ಕವರ್ ಸಮೇತ ಇಳಿಸಿ ಮೋಟಾರ್ ರಿವೈಂಡಿಂಗ್ ಮಾಡುವ ಚಾಚಾ ಹತ್ತಿರ ಒಯ್ದೆ. ಹೊಸ ಮೋಟಾರ್ ಹಾಕಿಸುವುದಕ್ಕಿಂತ ಮೊದಲು ಇಂಥವರಿಗೆ ಒಂದು ಸಲ ತೋರಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅವರು ರೆಕ್ಕೆ ಕೈಯಲ್ಲಿ ತಿರುಗಿಸಿ, ಶಾಫ್ಟ್ ಅಲುಗಿಸಿ, ಅದನ್ನು ಹಿಡಿದಿಡುವ ಬುಷ್ ನೋಡಿ, "ಬುಷ್ ಚಲೋ ಅದ ಬೇಟಾ, ಕಾರ್ಬನ್ ಅಷ್ಟೇ ಮುಗದಾವ" ಅಂದರು. ಬಿಚ್ಚುವ ಮುಂಚೆಯೇ!

ಬಿಚ್ಚಿದಾಗ ಕಾರ್ಬನ್‌ಗಳು ಹೋಲ್ಡರ್ ಒಳಗೇ ಹುದುಗಿಹೋಗಿದ್ದವು. ಹಿಂದಿನ ಸ್ಪ್ರಿಂಗ್‌ಗೆ ಒತ್ತಲು ಏನೂ ಉಳಿದಿರಲಿಲ್ಲ. ಚಾಚಾ ತಮ್ಮ ಡಬ್ಬಿಯಿಂದ ಸ್ವಲ್ಪ ದೊಡ್ಡ ಕಾರ್ಬನ್ ತೆಗೆದು, ಪಾಲಿಶ್ ಪೇಪರಿನ ಮೇಲೆ ಉಜ್ಜಿ ಅಳತೆಗೆ ತಂದರು. ಹೋಲ್ಡರ್‌ನಲ್ಲಿ ಬಿಗಿಯೂ ಆಗಬಾರದು, ಅಲುಗಾಡಲೂಬಾರದು. ಅದಕ್ಕಾಗಿ ಮತ್ತೆ ಮತ್ತೆ ಇಟ್ಟು ತೆಗೆದು ನೋಡಿದರು. ಕಮ್ಯುಟೇಟರ್‌ನ (ಕಾರ್ಬನ್ ಉಜ್ಜುತ್ತಾ ತಿರುಗುವ ಭಾಗ) ತಾಮ್ರ ಕಪ್ಪಾಗಿತ್ತು, ಅದನ್ನು ನುಣುಪು ಮಾಡಿ, ಪಟ್ಟಿಗಳ ನಡುವಿನ ಸಂದಿಯಲ್ಲಿ ಕೂತ ಕಾರ್ಬನ್ ಪುಡಿಯನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೆರೆದು ತೆಗೆದರು. ಆ ಪುಡಿ ಅಲ್ಲೇ ಬಿಟ್ಟರೆ ಪಟ್ಟಿ ಪಟ್ಟಿಗೆ ಶಾರ್ಟ್ ಆಗುತ್ತದೆ. ಕೊನೆಗೆ ಬುಷ್‌ಗೆ ಒಂದೆರಡು ಹನಿ ಎಣ್ಣೆ. ಇಷ್ಟು ಕೆಲಸಕ್ಕೆ ಅವರು ಕೇಳಿದ ದುಡ್ಡು ನನಗೆ ಕಡಿಮೆ ಅನ್ನಿಸಿತು, ಜಾಸ್ತಿಯೇ ಕೊಟ್ಟು ಬಂದೆ.

ವಾಪಸ್ ಕೂಡಿಸಿದ ಮೇಲೆ ದಿಕ್ಕು ನೋಡುವುದು ಮುಖ್ಯ. ಈ ಡಿಸಿ ಮೋಟಾರಿಗೆ ಪ್ಲಸ್ ಮೈನಸ್ ಅದಲು ಬದಲಾದರೆ ಉಲ್ಟಾ ತಿರುಗುತ್ತದೆ. ಆಗ ಇಂಜಿನ್ ಕಡೆಯ ಬಿಸಿ ಗಾಳಿಯನ್ನೇ ಮುಂದಕ್ಕೆ ತಳ್ಳುತ್ತದೆ. ಮುಂದಿನ ಜಾಲರಿಗೆ ಒಂದು ಹಾಳೆ ಹಿಡಿದೆ. ಗಟ್ಟಿಯಾಗಿ ಅಂಟಿಕೊಂಡಿತು. ದಿಕ್ಕು ಸರಿ ಇದೆ.

ಫ್ಯಾನ್ ಇಳಿದಿದ್ದಾಗ ಸಿಕ್ಕಿದ್ದು

ಫ್ಯಾನ್ ಇಲ್ಲದೆ ರೇಡಿಯೇಟರ್ ಬೆನ್ನು ಪೂರ್ತಿ ಕಾಣುತ್ತಿತ್ತಲ್ವಾ, ಟಾರ್ಚ್ ಬಿಟ್ಟು ನೋಡಿದೆ. ಬೆಳಕು ಆಚೆ ದಾಟಲಿಲ್ಲ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಕಂಬಳಿಯಂಥ ಪದರ. ತೊಗರಿ ಹೊಟ್ಟು, ಒಣಗಿದ ಎಲೆ ಚೂರು, ಹತ್ತಿಯ ಎಳೆ, ಧೂಳು. ಕಾಕಾ ರಾಶಿಯ ಕಾಲದಲ್ಲಿ ಕಾರನ್ನು ಕಣದವರೆಗೂ ಒಯ್ಯುತ್ತಾರೆ. ಹೊರಗಿನಿಂದ ನೀರು ಹೊಡೆದರೆ ಇದು ಹೋಗುವುದಿಲ್ಲ, ಇನ್ನಷ್ಟು ಒಳಗೆ ಕೂರುತ್ತದೆ. ಇಂಜಿನ್ ಕಡೆಯಿಂದ ಮುಂದಕ್ಕೆ, ಬರೀ ಮನೆಯ ಪೈಪಿನ ನೀರು ಬಿಟ್ಟು ತೊಳೆದೆ. ವಾಷಿಂಗ್ ಸೆಂಟರಿನ ಪ್ರೆಷರ್ ಗನ್ ಬೇಡ, ಅಲ್ಯೂಮಿನಿಯಂ ಫಿನ್‌ಗಳು ಮಡಚಿಕೊಂಡು ಗಾಳಿಯ ದಾರಿ ಮುಚ್ಚುತ್ತವೆ.

ತೊಗರಿ ನಾಡಿನಲ್ಲಿ ಕಾರು ಇಟ್ಟುಕೊಂಡವರು ರಾಶಿ ಮುಗಿದ ಮೇಲೆ ಈ ಸಂದಿಯನ್ನು ತಪ್ಪದೆ ನೋಡಬೇಕು.

ಕೂಲೆಂಟ್ ಕೂಡ ಅದೇ ದಿನ ಬದಲಿಸಿದೆ. ಡಿಸ್ಟಿಲ್ಡ್ ನೀರಿನಲ್ಲಿ ಒಳಗೆಲ್ಲ ತೊಳೆದು, ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ ಹಾಕಿದೆ. ಕ್ಯಾಪ್ ತೆರೆದೇ ಇಟ್ಟು, ಹೀಟರ್ ಆನ್ ಮಾಡಿ, ಥರ್ಮೋಸ್ಟಾಟ್ ತೆರೆಯುವವರೆಗೆ ಐಡಲ್‌ನಲ್ಲಿ ಬಿಟ್ಟು ಗಾಳಿ ಗುಳ್ಳೆ ಹೊರಗೆ ಬರಲು ಬಿಟ್ಟೆ. ಇಳಿಸಿದ ಹಳೆಯ ಕೂಲೆಂಟ್ ಚರಂಡಿಗೆ ಸುರಿಯಬೇಡಿ. ಅದು ವಿಷ, ರುಚಿಗೆ ಸಿಹಿ. ಬೀದಿ ನಾಯಿ, ದನ ಕುಡಿದರೆ ಸಾಯುತ್ತವೆ.

ಮೇ ಮೊದಲ ವಾರ: ಈಗಿನ ಸ್ಥಿತಿ

ಮಧ್ಯಾಹ್ನ ಎರಡರ ಹೊತ್ತು, ಹೊರಗೆ 43 ಡಿಗ್ರಿ. ಎಸಿ ಹಾಕಿ ನಿಂತಲ್ಲೇ ಇಂಜಿನ್ ಬಿಟ್ಟು ಮೊಬೈಲ್ ನೋಡುತ್ತಾ ಕೂತೆವು. 98 ದಾಟಲಿಲ್ಲ. ಎಸಿ ಆಫ್ ಮಾಡಿದ ಮೇಲೆ 97ಕ್ಕೆ ಫ್ಯಾನ್ ಹತ್ತುತ್ತದೆ, 92ಕ್ಕೆ ಇಳಿಸಿ ನಿಲ್ಲುತ್ತದೆ. ಸೂಪರ್ ಮಾರ್ಕೆಟ್‌ನಲ್ಲೂ ಸಂಜೆ ಅದೇ ಅಂಕಿ. ನಿಂತಾಗಲೂ ಎಸಿ ತಂಪಾಗಿದೆ.

ಬಾಕಿ ಇರುವುದು ಸ್ವಲ್ಪ. ಫ್ಯಾನ್ ಕಪ್ಲರ್‌ನ ಪ್ಲಾಸ್ಟಿಕ್ ಒಂದು ಪಿನ್ ಸುತ್ತ ಕಂದಾಗಿದೆ, ಕರಗುವ ಮುಂಚೆ ಹೊಸ ಕಪ್ಲರ್ ಹಾಕಬೇಕು. ಥರ್ಮೋಸ್ಟಾಟ್ ಕೆಲಸ ಮಾಡುತ್ತಿದ್ದರೂ ವಯಸ್ಸಾಗಿದೆ, ಮುಂದಿನ ಕೂಲೆಂಟ್ ಬದಲಿಸುವಾಗ ಅದನ್ನೂ ಬದಲಿಸುತ್ತೇನೆ. ಮಳೆ ಶುರುವಾದ ಮೇಲೆ ಅರ್ತ್ ಬೋಲ್ಟ್ ಮೇಲಿನ ವೋಲ್ಟೇಜ್ ಮತ್ತೊಮ್ಮೆ ಅಳೆದು ಇಲ್ಲಿ ಬರೆಯುತ್ತೇನೆ. 0.1 ಇದ್ದದ್ದು 0.3 ದಾಟಿದರೆ ಬ್ಯಾಟರಿ ಟ್ರೇಯಿಂದ ದೂರ ಬೇರೆ ಜಾಗದಲ್ಲಿ ಅರ್ತ್ ಕೊಡುವ ಯೋಚನೆ ಇದೆ.