ಗಾಜಿನ ತೊಟ್ಟಿಗೆ ಚೌಳು ಹತ್ತಿದ್ದು

ನಮ್ಮ ಕುವೆಂಪುನಗರದ ಮನೆಯ ಹಾಲ್‌ನಲ್ಲಿ ಎರಡಡಿ ಉದ್ದದ ಮೀನಿನ ಟ್ಯಾಂಕ್ ಇದೆ. ಮರಳು, ಕಲ್ಲು ಕಳೆದು ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ಜನವರಿ ಚಳಿಯಲ್ಲಿ ಗಪ್ಪಿಗಳ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂತು. ಮೀನಿನ ಅಂಗಡಿಯಲ್ಲಿ ಕೇಳಿದೆ. "ಮೂರು ಹಿಡಿ ಕಲ್ಲುಪ್ಪು ಹಾಕಿ ಮೇಡಂ, ಹೋಗುತ್ತೆ" ಅಂದರು. ಟ್ಯಾಂಕಲ್ಲಿ ಗಿಡ ಇದೆ ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಚುಕ್ಕೆ ಹೋಯಿತು, ಅದು ನಿಜ. ಆ ಚುಕ್ಕೆ ಒಂದು ತೀರಾ ಸಣ್ಣ ಜೀವಿಯ ಕೆಲಸ. ಮೀನಿನ ಚರ್ಮದೊಳಗೆ ಕೂತಿರುವಾಗ ಉಪ್ಪು ಅದನ್ನು ಮುಟ್ಟುವುದಿಲ್ಲ. ಉದುರಿ ಬಿದ್ದು, ಮರಿಗಳು ನೀರಿನಲ್ಲಿ ಈಜಾಡುವಾಗ ಮಾತ್ರ ಸಾಯುತ್ತವೆ. ಹಾಗಾಗಿ ಹತ್ತು ಹದಿನೈದು ದಿನ ಉಪ್ಪು ನೀರಲ್ಲೇ ಇರಬೇಕು. ಅಷ್ಟು ದಿನದಲ್ಲಿ ನನ್ನ ಗಿಡಗಳ ಕಥೆ ಮುಗಿದಿತ್ತು.

ಮೊದಲು ಹೋದದ್ದು ಕಬೊಂಬಾ. ಸಬ್ಬಸಿಗೆ ಸೊಪ್ಪಿನ ಥರದ ಎಲೆ. ಒಂದು ಬೆಳಗ್ಗೆ ನೋಡಿದರೆ ಎಲ್ಲ ಉದುರಿ ಫಿಲ್ಟರ್ ಬಾಯಿಗೆ ಕಟ್ಟಿಕೊಂಡಿತ್ತು. ವ್ಯಾಲಿಸ್ನೇರಿಯಾದ ಉದ್ದನೆಯ ಎಲೆಗಳು ತುದಿಯಿಂದ ಬಣ್ಣ ಬಿಟ್ಟು ಕರಗುತ್ತಾ ಬಂದವು. ಕಲ್ಲಿಗೆ ಕಟ್ಟಿದ್ದ ಜಾವಾ ಫರ್ನ್ ಮಾತ್ರ ಜಗ್ಗಲಿಲ್ಲ. ಮೊಂಡು ಗಿಡ ಅದು.

ಆಗಲೇ ಅಪ್ಪ ಕಣ್ಣು ತೋರಿಸಲು ಮಂಡ್ಯ ಕಡೆಯ ಊರಿಂದ ಬಂದಿದ್ದರು. ಗಾಜಿನ ಅಂಚಿನಲ್ಲಿ ಕೂತಿದ್ದ ಬಿಳಿ ಗೆರೆಯನ್ನು ಉಗುರಲ್ಲಿ ಕೆರೆದು, "ಇದೇನವ್ವಾ, ಮನೆ ಒಳಗೂ ಚೌಳು ಹತ್ತಿಸ್ಬುಟ್ಟಿದ್ದೀಯಲ್ಲ!" ಅಂದರು.

ಚೌಳು ಅಪ್ಪನಿಗೆ ಹೊಸದಲ್ಲ. ನಮ್ಮದು ವಿಶ್ವೇಶ್ವರಯ್ಯ ನಾಲೆ ನೀರಿನ ಗದ್ದೆ. ತಗ್ಗಿನ ಎರಡು ಮಡಿಯಲ್ಲಿ ನೀರು ನಿಂತು ನಿಂತು ಚೌಳಾಗಿದೆ. ನೀರು ಜಾಸ್ತಿಯಾಗಿ ನೆಲದಡಿಯ ನೀರು ಮೇಲೇರುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ಅಲ್ಲಿ ಭತ್ತ ನೀರಲ್ಲೇ ನಿಂತಿದ್ದರೂ ಎಲೆ ತುದಿ ಸುಟ್ಟಿರುತ್ತದೆ. ಸುತ್ತಲಿನ ನೀರಲ್ಲಿ ಉಪ್ಪು ಏರಿದರೆ ಗಿಡಕ್ಕೆ ನೀರು ಹೀರುವುದೇ ಕಷ್ಟ. ಇನ್ನೂ ಏರಿದರೆ ಒಳಗಿನ ನೀರೂ ಹೊರಗೆ ಬರುತ್ತದೆ. ಕೋಸಂಬರಿಗೆ ಮೊದಲೇ ಉಪ್ಪು ಹಾಕಿಟ್ಟರೆ ಸೌತೆಕಾಯಿ ನೀರು ಬಿಡುತ್ತದಲ್ವಾ, ಅದೇ.

"ಎಷ್ಟು ಹಾಕ್ದೆ?" ಅಂದರು. ಅಡುಗೆಮನೆ ತಕ್ಕಡಿಯಲ್ಲಿ ನನ್ನ ಒಂದು ಹಿಡಿ ತೂಗಿದೆ: 60 ಗ್ರಾಂ. ಮೂರು ಹಿಡಿಗೆ 180 ಗ್ರಾಂ, ಅಂದರೆ ಲೀಟರಿಗೆ 3 ಗ್ರಾಂ. ಗಪ್ಪಿ ಅಷ್ಟನ್ನು ತಡೆಯುತ್ತದೆ. ನನ್ನ ತಪ್ಪು ಅಲ್ಲಿಗೇ ನಿಲ್ಲಲಿಲ್ಲ. ನೀರು ಆರಿ ಇಳಿದಾಗಲೆಲ್ಲ ಹೊಸ ನೀರು ಸುರಿದು, ಸುಮ್ನೆ ಇರಲಿ ಅಂತ ಇನ್ನೊಂದು ಚಿಟಿಕೆ ಉಪ್ಪೂ ಹಾಕುತ್ತಿದ್ದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಗದ್ದೆ ಮನೆಯಲ್ಲಿ ಹುಟ್ಟಿದವಳಿಗೆ ಇದು ಹೊಳೆಯಬೇಕಿತ್ತು.

"ಬಸಿಗಾಲುವೆ ತೆಗೀದೆ ಚೌಳು ಹೋಗಾಕಿಲ್ಲ ಕಣವ್ವಾ" ಅಂದರು ಅಪ್ಪ. ನನ್ನ ಬಸಿಗಾಲುವೆ ಒಂದು ಪೈಪು, ಒಂದು ಬಕೆಟ್ಟು. ದಿನ ಬಿಟ್ಟು ದಿನ ಕಾಲು ಭಾಗ ನೀರು ತೆಗೆದು, ಹಿಂದಿನ ದಿನವೇ ಹಿಡಿದಿಟ್ಟ ನಲ್ಲಿ ನೀರು ತುಂಬಿದೆ. ಐದು ಸಲಕ್ಕೆ ಉಪ್ಪು ಹೆಚ್ಚುಕಡಿಮೆ ಕಾಲಂಶಕ್ಕೆ ಇಳಿಯುತ್ತದೆ. ಕೊಳೆತ ಎಲೆಗಳನ್ನೂ ಕತ್ತರಿಸಿದೆ. ಬಿಟ್ಟರೆ ಅಮೋನಿಯಾ ಏರಿ ಮೀನಿಗೇ ಕಷ್ಟ. ಕಬೊಂಬಾ ಉಳಿಯಲಿಲ್ಲ. ವ್ಯಾಲಿಸ್ನೇರಿಯಾದ ಬುಡ ಗಟ್ಟಿಯಿತ್ತು, ಈಗ ಎರಡಿಂಚು ಹೊಸ ಎಲೆ ಬಂದಿದೆ. ಇನ್ಮೇಲೆ ಹುಷಾರು ತಪ್ಪಿದ ಮೀನಿಗೆ ಬೇರೆ ಟಬ್ಬು.

ಮೊದಲ ಬಕೆಟ್ ನೀರನ್ನು ಎಂದಿನಂತೆ ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಸುರಿಯಲು ಹೊರಟಿದ್ದೆ. ಮೀನಿನ ನೀರು ಗೊಬ್ಬರ ಅಲ್ವಾ. ಅಪ್ಪ ಕೈಯಿಂದ ಬಕೆಟ್ ಕಿತ್ತುಕೊಂಡು ಬಚ್ಚಲಿಗೆ ಸುರಿದರು.