ವಿಸಿಆರ್‌ನ ಮೂರು ಪಿನ್ನು, ಹೊಸ ಟಿವಿಯ ಒಂದೇ ತೂತು

ವಿಡಿಯೊ ಕ್ಯಾಸೆಟ್ ಓಡಿಸುವ ಹಳೇ ವಿಸಿಆರ್ ಹೊಸ ಟಿವಿಗೆ ಕೂರುವುದಿಲ್ಲ ಎಂದು ಶಿರಸಿ ಪೇಟೆಯಲ್ಲಿ ಕೇಳಿದ ಕಡೆಯಲ್ಲೆಲ್ಲ ಹೇಳಿದರು. ಕೂರುತ್ತದೆ. ನಮ್ಮನೆಯಲ್ಲಿ ಈಗ ಚೆನ್ನಾಗಿ ಓಡುತ್ತಿದೆ. ಅಟ್ಟದ ಮೇಲೆ ಕ್ಯಾಸೆಟ್ ಇಟ್ಟುಕೊಂಡವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ, ಅವರಿಗಾಗಿ ಇದು.

ವಾಯರಿಗಿಂತ ಮೊದಲು ಕ್ಯಾಸೆಟ್ ನೋಡಿ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೆ, ಪುಸ್ತಕಕ್ಕೆ ಹಿಡಿಯುವ ಬೂಸ್ಟು ಟೇಪಿಗೂ ಹಿಡಿಯುತ್ತದೆ. ಕ್ಯಾಸೆಟ್ಟಿನ ಕಿಟಕಿಯನ್ನು ಬೆಳಕಿಗೆ ಹಿಡಿದರೆ ಸುರುಳಿಯ ಅಂಚಿನಲ್ಲಿ ಬೆಳ್ಳಗೆ ಪುಡಿ ಕಾಣುತ್ತದೆ. ಕಂಡರೆ ಹಾಕಲೇಬೇಡಿ. ವಿಸಿಆರ್ ಒಳಗಿನ ಡ್ರಮ್ಮು ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರಲ್ಲಿ ಟೇಪನ್ನು ಓದುವ ಸಣ್ಣ ಹೆಡ್ಡಿಗೆ ಕೊಳೆ ಮೆತ್ತಿದರೆ ಚಿತ್ರ ಮಾಯ, ಮುಂದಿನ ಕ್ಯಾಸೆಟ್ಟಿಗೂ ಬೂಸ್ಟು ದಾಟುತ್ತದೆ. ಹೆಡ್ ಒರೆಸಲು ಹತ್ತಿ ಬೇಡ, ಎಳೆ ಸಿಕ್ಕಿ ತುದಿ ಮುರಿಯುತ್ತದೆ. ಹೊಸ ವಿಸಿಆರ್ ತರೋಣವೆಂದರೆ, ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ನಿಲ್ಲಿಸಿಬಿಟ್ಟಿತು. ಇರುವುದನ್ನೇ ಜೋಪಾನ ಮಾಡಬೇಕು.

ನಮ್ಮದು ಚಿಕ್ಕಪ್ಪ ಮಸ್ಕತ್‌ನಿಂದ ತಂದಿದ್ದು. ಹಿಂದೆ ಹಳದಿ, ಬಿಳಿ, ಕೆಂಪು ತೂತುಗಳಿವೆ: ಹಳದಿ ಚಿತ್ರಕ್ಕೆ, ಉಳಿದೆರಡು ದನಿಗೆ. ಹೊಸ ಟಿವಿಯಲ್ಲಿ ಇವು ಮೂರೂ ಇಲ್ಲ. ಇಯರ್‌ಫೋನಿನ ತೂತಿನ ಹಾಗೆ ಒಂದೇ ಒಂದು, ಪಕ್ಕದಲ್ಲಿ 'ಎವಿ ಇನ್' ಎಂದಿರುತ್ತದೆ. ಅದಕ್ಕೆ 3.5 ಎಂಎಂ ಪಿನ್ನಿನಿಂದ ಮೂರು ಬಣ್ಣಕ್ಕೆ ಒಡೆಯುವ ಕೇಬಲ್ ಬೇಕು. ಆದರೆ ಆ ಪಿನ್ನಿನ ಪಟ್ಟಿಗಳ ಕ್ರಮ ಎಲ್ಲ ಕೇಬಲ್ಲಿನಲ್ಲೂ ಒಂದೇ ಅಲ್ಲ. ಹಳದಿ ಸಿಕ್ಕಿಸಿದಾಗ ಪರದೆ ಕಪ್ಪಾಗಿ ಸ್ಪೀಕರಿನಲ್ಲಿ ಗುರ್ ಎಂದರೆ, ಚಿತ್ರದ ಸಿಗ್ನಲ್ ದನಿಯ ದಾರಿಗೆ ಹೋಗಿದೆ ಎಂದರ್ಥ. ವಿಸಿಆರ್‌ನ ಹಳದಿ ತೂತಿಗೆ ಕೇಬಲ್ಲಿನ ಕೆಂಪು ಪಿನ್ನು ಸಿಕ್ಕಿಸಿ ನೋಡಿ. ನಮ್ಮಲ್ಲಿ ಚಿತ್ರ ಬಂದದ್ದು ಹಾಗೇ.

ಎವಿ ತೂತೇ ಇಲ್ಲದ ಟಿವಿಗೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಪೆಟ್ಟಿಗೆ ಸಿಗುತ್ತದೆ. ತಿರುಗಾಮುರುಗಾ, ಅಂದರೆ ಎಚ್‌ಡಿಎಂಐಯಿಂದ ಎವಿಗೆ ಬದಲಿಸುವುದನ್ನೂ ಅದೇ ಡಬ್ಬಿಯಲ್ಲಿ ಮಾರುತ್ತಾರೆ. ಮೂರು ಬಣ್ಣದ ಬದಿಯಲ್ಲಿ 'ಇನ್‌ಪುಟ್' ಎಂದಿರಬೇಕು.

ಚಿತ್ರದ ತಳದಲ್ಲಿ ಗೆರೆ ಹರಿದರೆ ವಿಸಿಆರ್‌ನ ಟ್ರ್ಯಾಕಿಂಗ್ ಬಟನ್ ಒತ್ತಿ ಸರಿಮಾಡಿ. ಟಿವಿಯ ಚಿತ್ರದ ಅಳತೆಯನ್ನು ಹಳೇ ಟಿವಿಯ 4:3ಕ್ಕೆ ಇಡಿ, ದಯವಿಟ್ಟು. ಅಗಲ ಎಳೆದರೆ ಎಲ್ಲರ ಮುಖವೂ ಊದಿಕೊಳ್ಳುತ್ತದೆ. ನಾನು ಮೊದಲು ಹಾಕಿದ್ದು ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಆಟದ ಕ್ಯಾಸೆಟ್. 2017ರಲ್ಲಿ ತೀರಿಕೊಂಡ ಅವರು ಅಲ್ಲಿ ಮಂಡಿಯಲ್ಲಿ ಸುತ್ತು ಹಾಕುತ್ತಿದ್ದರು, ಕಿರೀಟದ ಅಂಚು ಸ್ವಲ್ಪ ನಡುಗಿದರೂ ಹೆಜ್ಜೆ ಒಂದೂ ತಪ್ಪದೆ ಕಾಣುತ್ತಿತ್ತು. ಒಳಗಿನಿಂದ ಆಯಿ, "ತಮಾ, ಚೆಂಡೆ ಕೇಳ್ತಾ ಇಲ್ಲೆ" ಅಂದಳು. ಬಿಳಿ ಪಿನ್ನು ಸಡಿಲವಾಗಿತ್ತು, ಒತ್ತಿದ ಮೇಲೆ ಕೈಕೆಲಸ ಬಿಟ್ಟು ಬಂದು ಕೂತಳು.

ನೋಡುವಾಗಲೇ ಉಳಿಸಿಕೊಳ್ಳಿ. ಪ್ರತಿ ಸಲ ಓಡಿಸಿದಾಗಲೂ ಟೇಪು ಸವೆಯುತ್ತದೆ. ಅದೇ ಮೂರು ಪಿನ್ನುಗಳನ್ನು ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ ಸಿಕ್ಕಿಸಿ ಲ್ಯಾಪ್‌ಟಾಪಿಗೆ ಹಾಕಿದರೆ ಸಾಕು. ವೇಗ ಹೆಚ್ಚಿಸಲು ಬರುವುದಿಲ್ಲ: ಇ-180 ಕ್ಯಾಸೆಟ್ಟಿಗೆ ಮೂರು ತಾಸು ಬೇಕೇ ಬೇಕು, ಅಷ್ಟು ಹೊತ್ತು ಕರೆಂಟೂ ಇರಬೇಕು. ಹಾಗಾಗಿ ಜೂನಿನ ಮಳೆ ಬರುವುದರೊಳಗೆ ಮುಗಿಸಿ.