ವರ್ಷದ ಸರಾಸರಿ ಮಳೆ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ

ಹವಾಮಾನದ ಡೇಟಾ ನೋಡಿ ಆಹಾರ ಯೋಜನೆಗಳಿಗೆ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಬಂದವರು ಸಾಮಾನ್ಯವಾಗಿ ಮೊದಲು ಕೇಳುವುದು ವರ್ಷದ ಸರಾಸರಿ ಮಳೆಯ ನಕ್ಷೆ. ಕೊಡಬಹುದು, ನೋಡೋಕೂ ಚೆನ್ನಾಗಿರುತ್ತದೆ. ಆದರೆ 800 ಮಿ.ಮೀ. ಹದವಾಗಿ ಹಂಚಿ ಬಿದ್ದರೂ 800, ನಾಲ್ಕು ಸಲ ಜಡಿದು ಆಮೇಲೆ ಕೈಕೊಟ್ಟರೂ 800. ಬೆಳೆಗೆ ಎರಡೂ ಒಂದೇ ಅಲ್ಲ ಅಲ್ವಾ?

ಅದಕ್ಕೇ ಕೇಳುತ್ತೇನೆ: ಇದನ್ನು ನೋಡಿ ನೀವು ಏನು ತೀರ್ಮಾನ ಮಾಡಬೇಕು? ಬಿತ್ತನೆಯ ದಿನವಾ, ತಳಿಯಾ, ಗೋದಾಮಾ? ಅದು ಗೊತ್ತಾಗುವವರೆಗೆ ಕಂಪ್ಯೂಟರ್ ಮುಟ್ಟುವುದೇ ದಂಡ.

ಬಿತ್ತನೆ ಅಂದರೆ ದಿನದಿನದ ಮಳೆ ಬೇಕು. ಉಚಿತವಾಗಿ ಸಿಗುವುದರಲ್ಲಿ ನಾನು ಜಾಸ್ತಿ ಬಳಸುವುದು ಎರಡು. ಚಿರ್ಪ್ಸ್ (CHIRPS) ಅನ್ನುವ ಮಳೆ ಡೇಟಾ 1981ರಿಂದ ಇದೆ. ಉಪಗ್ರಹಕ್ಕೆ ಕಂಡ ತಂಪು ಮೋಡಗಳನ್ನೂ ನೆಲದ ಮಳೆಮಾಪಕಗಳನ್ನೂ ಸೇರಿಸಿ ಸುಮಾರು 5 ಕಿ.ಮೀ. ಚೌಕಕ್ಕೆ ಮಳೆ ಹೇಳುತ್ತದೆ. ಯುರೋಪಿನ ಇಆರ್‌ಎ5 (ERA5) ಅನ್ನುವ ಹವಾಮಾನ ಡೇಟಾ 1940ರಿಂದ ಗಂಟೆ ಗಂಟೆಯ ಲೆಕ್ಕ ಕೊಡುತ್ತದೆ, ಆದರೆ ಚೌಕ ಸುಮಾರು 31 ಕಿ.ಮೀ.

ಇಆರ್‌ಎ5 ಮಳೆ ಅಳೆದದ್ದಲ್ಲ, ಮಾದರಿ, ಅಂದರೆ ಹವಾಮಾನವನ್ನು ಅನುಕರಿಸುವ ಕಂಪ್ಯೂಟರ್ ಪ್ರೋಗ್ರಾಂ, ಲೆಕ್ಕ ಹಾಕಿದ್ದು. ಮಾದರಿಗಳಿಗೊಂದು ಚಾಳಿ ಇದೆ. ಒಣ ದಿನಕ್ಕೂ ಸುಮ್ನೆ ಒಂದಿಷ್ಟು ತುಂತುರು ಉದುರಿಸುತ್ತವೆ. ಹೊಲದಲ್ಲಿ 15 ದಿನ ಹನಿ ಇಲ್ಲದೆ ಪೈರು ಬಾಡಿದ್ದರೂ ಫೈಲಿನಲ್ಲಿ 0.3, 0.6, 0.2 ಅಂತ ಕೂತಿರಬಹುದು. ಸೊನ್ನೆ ದಾಟಿದ್ದೆಲ್ಲ ಮಳೆ ಅಂತ ಎಣಿಸಿದರೆ ಆ ಹದಿನೈದು ದಿನ ಲೆಕ್ಕಕ್ಕೇ ಬರುವುದಿಲ್ಲ. 1 ಮಿ.ಮೀ.ಗಿಂತ ಕಡಿಮೆ ಬಿದ್ದ ದಿನವನ್ನು ಒಣ ದಿನ ಅಂತ ಹಿಡಿಯುವ ರೂಢಿ ಇರುವುದು ಸುಮ್ಮನೆ ಅಲ್ಲ. ಅಷ್ಟೇ ಸಾಲದು, ಹತ್ತಿರದ ಮಳೆಮಾಪಕದ ದಾಖಲೆ ಪಕ್ಕಕ್ಕಿಟ್ಟು ಒಣ ದಿನಗಳನ್ನು ಎಣಿಸಿ ನೋಡಬೇಕು. ವರ್ಷದ ಮೊತ್ತ ತಾಳೆಯಾದರೂ ಈ ಎಣಿಕೆ ಕೈಕೊಡಬಹುದು.

ಬಿಸಿಲಿನದೂ ಇದೇ ಕಥೆ. ಭತ್ತ ಹೂ ಬಿಡುವ ಹೊತ್ತಿಗೆ 35 ಡಿಗ್ರಿ ದಾಟಿದರೆ ಕಾಳು ಕಟ್ಟದೆ ಜೊಳ್ಳಾಗುತ್ತದೆ, ಅದಕ್ಕೆ ಕೆಲವು ಗಂಟೆ ಸಾಕು. ತಿಂಗಳ ಸರಾಸರಿ 29 ಅಂತ ಓದಿಕೊಂಡು ಏನು ಮಾಡುವುದು?

ಇನ್ನು 2050ರ ಅಂದಾಜು. ಜಾಗತಿಕ ಮಾದರಿಗಳಲ್ಲಿ ಬಹಳಷ್ಟರ ಚೌಕ 100 ಕಿ.ಮೀ. ಆಸುಪಾಸು. ಅದನ್ನೇ 1 ಕಿ.ಮೀ.ಗೆ ಸೀಳಿದ ನಕ್ಷೆಗಳೂ ಸಿಗುತ್ತವೆ. ಅವನ್ನು ಹಿಡಿದು ಒಂದೊಂದು ಹೊಲದ ಭವಿಷ್ಯ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಬಿಸಿ ಏರುತ್ತದೆ ಅನ್ನುವುದರಲ್ಲಿ ಮಾದರಿಗಳಿಗೆ ತಕರಾರಿಲ್ಲ. ಮಳೆ ಹೆಚ್ಚುತ್ತದಾ, ಕಡಿಮೆಯಾಗುತ್ತದಾ ಅನ್ನುವುದರಲ್ಲಿ ಮಾತ್ರ ಎಷ್ಟೋ ಕಡೆ ಒಂದೊಂದು ಒಂದೊಂದು ಹೇಳುತ್ತವೆ. ಅಂಥ ಕಡೆ ಎರಡಕ್ಕೂ ಒಗ್ಗುವ ಕೆಲಸ ಮೊದಲು ಹಿಡಿಯಿರಿ ಅನ್ನುತ್ತೇನೆ: ಮಳೆ ನೀರು ಹಿಡಿದಿಡುವ ಹೊಂಡ, ಬೇಗ ಕೊಯ್ಲಿಗೆ ಬರುವ ತಳಿ, ಮೇಲೆ ಸೂರಿರುವ ಒಣಗಿಸುವ ಕಣ.

ಕಣದ ಮಾತು ಯಾರೂ ತಾವಾಗಿ ಎತ್ತುವುದಿಲ್ಲ. ಧಾನ್ಯ ಕೆಡದೆ ಉಳಿಯಬೇಕಾದರೆ ತೇವ 13–14%ಕ್ಕೆ ಇಳಿಯಬೇಕು. ಕೊಯ್ಲಿನ ವಾರ ಮಳೆ ಹಿಡಿದರೆ ಅದು ಇಳಿಯುವುದಿಲ್ಲ, ಬೂಷ್ಟು ಬರುತ್ತದೆ. ಹಾಗಾಗಿ ಕೊನೆಗೆ ಕೊಡುವ ಹಾಳೆಯಲ್ಲಿ ನಕ್ಷೆಗಿಂತ ಮೇಲೆ ಎರಡು ಸಾಲು ಬರೆಯುತ್ತೇನೆ: 10 ವರ್ಷದಲ್ಲಿ ಎಷ್ಟು ವರ್ಷ ಬಿತ್ತನೆಯಾದ ಮೇಲೆ ಮಳೆ ಕೈಕೊಟ್ಟಿದೆ, ಎಷ್ಟು ವರ್ಷ ಕೊಯ್ಲಿನ ವಾರ ನೆನೆದಿದೆ.